ಇಂಗ್ಲಿಷಿನ ಸಮೋಚ್ಚಾರ ಪದಗಳೂ ಲಿಪಿಯ ಸಾಕ್ಷ್ಯವೂ

ಕನ್ನಡ ಲಿಪಿಯಲ್ಲಿ ‘ರೈಟ್’ ಎಂದು ಬರೆದೊಡನೆಯೇ, ‘ಸರಿ’ ಎಂಬರ್ಥದ ಗುಣವಾಚಕವೊಂದು, ‘ಬರೆ’ ಎಂಬ ಕ್ರಿಯಾಪದವೊಂದು, ‘ಧಾರ್ಮಿಕ ವಿಧಿ’ ಎಂಬ ನಾಮಪದವೊಂದು, ‘ಕುಶಲಕರ್ಮಿ’ ಎಂಬ ಹಳೆಯ ನಾಮಪದ ಮತ್ತೊಂದು, ಹೀಗೆ ಇಂಗ್ಲಿಷಿನ ನಾಲ್ಕು ಪದಗಳು ಒಂದೇ ರೂಪವನ್ನು ತಾಳಿ ನಿಲ್ಲುತ್ತವೆ. ಕಿವಿಗೆ ಕೇಳಿದ್ದನ್ನು ಮಾತ್ರ ಬರೆಯುವುದು ನಮ್ಮ ಲಿಪಿಯ ಧರ್ಮವಾದ ಕಾರಣ, ಆ ಭಾಷೆಯ ಬರವಣಿಗೆ ಶತಮಾನಗಳಿಂದ ಕಾಪಾಡಿಕೊಂಡು ಬಂದ ಭೇದ ಇಲ್ಲಿ ಅಳಿದುಹೋಗುತ್ತದೆ. ಇಂತಹ ಸಮೋಚ್ಚಾರ ಪದಗಳ ಸ್ಪೆಲ್ಲಿಂಗನ್ನು ನಮ್ಮ ಬಾಲಕರು ಉರುಹೊಡೆದು ಕಲಿಯುತ್ತಾರೆ. ಕಲಿಸುವವರಾದರೋ ಅದನ್ನು ಆಂಗ್ಲರ ಹುಚ್ಚಾಟವೆಂದು ನಕ್ಕು ಮುಂದಿನ ಪಾಠಕ್ಕೆ ಸಾಗುತ್ತಾರೆ. ಈ ಭೇದಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ನಾಲಗೆಯ ಮೇಲೆ ಜೀವಂತವಾಗಿದ್ದ ಧ್ವನಿಗಳ ಅವಶೇಷಗಳೆಂಬುದನ್ನು ತೋರಿಸುವುದೂ, ಹಾಗಿಲ್ಲದ ಕೆಲವನ್ನು ಪ್ರತ್ಯೇಕಿಸುವುದೂ ಪ್ರಕೃತ ಲೇಖನದ ಉದ್ದೇಶವಾಗಿದೆ.

ಮೇಲಿನ ನಾಲ್ಕು ಪದಗಳನ್ನೇ ಪರಿಶೀಲಿಸೋಣ. ಮೊದಲನೆಯದರ ನಡುವೆ ಮೌನವಾಗಿ ಕುಳಿತಿರುವ ‘ಜಿ’, ‘ಎಚ್’ ಎಂಬ ಅಕ್ಷರಗಳು ಪ್ರಾಚೀನ ಇಂಗ್ಲಿಷಿನ ಊಷ್ಮಧ್ವನಿಯೊಂದರ ಗುರುತು. ಎರಡನೆಯದರ ಆದಿಯ ‘ಡಬ್ಲ್ಯು’ ಆಗ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದ ವಕಾರ. ನಾಲ್ಕನೆಯದರಲ್ಲಿ ಇವೆರಡೂ ಉಂಟು. ಮೂರನೆಯದು ಲ್ಯಾಟಿನ್ನಿನಿಂದ ಬಂದ ಅತಿಥಿಯಾದುದರಿಂದ ಅದಕ್ಕೆ ಈ ಯಾವ ಭಾರವೂ ಇಲ್ಲ. ನಾಟಕಕಾರನನ್ನು ‘ಪ್ಲೇರೈಟ್’ ಎನ್ನುವಾಗ, ಬರೆಯುವವನೇ ತಾನೆ ಎಂದು ಭ್ರಮಿಸಿ ಎರಡನೆಯ ಪದದ ಸ್ಪೆಲ್ಲಿಂಗನ್ನು ಅಲ್ಲಿ ತಂದಿಡುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಅಲ್ಲಿರುವುದು ಗಾಡಿ ಕಟ್ಟುವ ಬಡಗಿಯನ್ನು ‘ಕಾರ್ಟ್‌ರೈಟ್’ ಎನ್ನುವಾಗ ಬರುವ ನಾಲ್ಕನೆಯ ಪದ. ನಾಟಕವನ್ನೂ ಮರಗೆಲಸದಂತೆ ಕಟ್ಟಬೇಕೆಂಬ ಭಾವನೆ ಅದರಲ್ಲಿ ಅಡಗಿದೆ. ‘ನೈಟ್’ ಎಂಬ ಜೋಡಿಯ ಕಥೆಯೂ ಇಂತಹದೇ. ಇರುಳೆಂಬ ಅರ್ಥದ ಪದಕ್ಕೆ ಜರ್ಮನ್ ಭಾಷೆಯಲ್ಲಿ ‘ನಾಖ್ಟ್’ ಎಂಬ ಬಂಧುವೂ, ಅಶ್ವಾರೋಹಿ ವೀರನೆಂಬ ಅರ್ಥದ ಪದಕ್ಕೆ ಸೇವಕನೆಂದು ಅರ್ಥಕೊಡುವ ‘ಕ್ನೆಖ್ಟ್’ ಎಂಬ ಬಂಧುವೂ ಇಂದಿಗೂ ಬಳಕೆಯಲ್ಲಿದ್ದು, ಇಂಗ್ಲಿಷಿನಲ್ಲಿ ಮೂಕವಾದ ಅಕ್ಷರಗಳು ಅಲ್ಲಿ ಮಾತನಾಡುತ್ತಿವೆ.

ಸ್ವರಗಳ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದುದು. ಮಾಂಸವೆಂಬರ್ಥದ ‘ಮೀಟ್’, ಸಂಧಿಸು ಎಂಬರ್ಥದ ‘ಮೀಟ್’ ಇವೆರಡೂ 1400ರಲ್ಲಿ ಗತಿಸಿದ ಚಾಸರ್ ಕವಿಯ ಬಾಯಲ್ಲಿ ಬೇರೆಬೇರೆಯಾಗಿಯೇ ಹೊರಡುತ್ತಿದ್ದುವು. ಮೊದಲನೆಯದರಲ್ಲಿ ಬಾಯಿ ತೆರೆದು ನುಡಿಯುವ ವಿವೃತ ಏಕಾರವೂ ಎರಡನೆಯದರಲ್ಲಿ ಸಂವೃತ ಏಕಾರವೂ ಇದ್ದುವು. ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಬರಹ ಕ್ರಮೇಣ ಸ್ಥಿರಗೊಳ್ಳುತ್ತ ಬಂದಂತೆಯೇ, ಅತ್ತ ದೀರ್ಘಸ್ವರಗಳೆಲ್ಲ ತಮ್ಮ ಸ್ಥಾನವನ್ನು ಬಿಟ್ಟು ಮೇಲಕ್ಕೆ ಸರಿಯುತ್ತಿದ್ದುವು. ಹದಿನಾರನೆಯ ಶತಮಾನದಲ್ಲಿ ವಿವೃತಕ್ಕೆ ‘ಇ-ಎ’ ಎಂದೂ ಸಂವೃತಕ್ಕೆ ‘ಇ-ಇ’ ಎಂದೂ ಬರೆಯುವ ರೂಢಿ ನೆಲೆಗೊಂಡಿತು. ಆ ಬಳಿಕ ಎರಡು ಧ್ವನಿಗಳೂ ಈಕಾರದಲ್ಲಿ ಐಕ್ಯವಾದುವು, ರೂಢಿ ಮಾತ್ರ ಉಳಿಯಿತು. ಈ ಪರಿವರ್ತನೆ ಏಕಕಾಲಕ್ಕೆ ಆದುದಲ್ಲ: 1714ರ ‘ದಿ ರೇಪ್ ಆಫ್ ದಿ ಲಾಕ್’ ಕಾವ್ಯದಲ್ಲಿ ಪೋಪ್ ಕವಿ ‘ಟೀ’ ಎಂಬುದಕ್ಕೆ ‘ಒಬೇ’ ಎಂಬುದನ್ನು ಪ್ರಾಸವಾಗಿಟ್ಟಿರುವುದು, ಚಹಾವನ್ನು ಆಗ ‘ಟೇ’ ಎಂದೂ ಕರೆಯುತ್ತಿದ್ದರೆಂಬುದಕ್ಕೆ ಪ್ರಮಾಣ. ‘ಗ್ರೇಟ್’, ‘ಬ್ರೇಕ್’, ‘ಸ್ಟೇಕ್’ ಎಂಬ ಮೂರು ಪದಗಳು ಈ ಪ್ರವಾಹದಲ್ಲಿ ಕೊಚ್ಚಿಹೋಗದೆ ಏಕಾರದಲ್ಲಿಯೇ ಉಳಿದುವು. ಅದರ ಫಲವಾಗಿ ‘ಮುರಿ’ ಎಂಬ ಪದ ಗಾಡಿಯ ಬಿರಿಯೊಡನೆ ಸಮೋಚ್ಚಾರವಾಗಿ ಹೊಸದೊಂದು ತೊಡಕನ್ನು ತಂದಿತು.

ಕನ್ನಡಿಗರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಕತ್ತಿ. ‘ಆೞ್’ ಎಂದರೆ ಮುಳುಗು, ‘ಆಳ್’ ಎಂದರೆ ಸೇವಕ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಱೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದ ಶ್ರಮವನ್ನು ನೋಡಿದರೆ, ಆ ಭೇದ ಜನರ ನಾಲಗೆಯಿಂದ ಆಗಲೇ ಜಾರುತ್ತಿದ್ದಿರಬೇಕೆಂದು ತೋರುತ್ತದೆ. ನಾವು ಧ್ವನಿಯೊಡನೆ ಅಕ್ಷರವನ್ನೂ ಬಿಟ್ಟುಕೊಟ್ಟೆವು. ಇಂಗ್ಲಿಷರು ಧ್ವನಿಯನ್ನು ನೀಗಿ ಅಕ್ಷರವನ್ನು ಉಳಿಸಿಕೊಂಡರು. ಅವರ ಮಕ್ಕಳಿಗೆ ಕಷ್ಟ ಹೆಚ್ಚು, ವ್ಯುತ್ಪತ್ತಿಯನ್ನು ಅರಸುವವನಿಗೆ ಸೌಕರ್ಯವೂ ಹೆಚ್ಚು.

ಆದರೂ ಎಲ್ಲ ಜೋಡಿಗಳಿಗೂ ಇತಿಹಾಸದ ಈ ಸಮರ್ಥನೆ ಸಲ್ಲದು. ಹೂವೆಂಬ ‘ಫ್ಲವರ್’, ಹಿಟ್ಟೆಂಬ ‘ಫ್ಲೌರ್’ ಮೂಲತಃ ಒಂದೇ ಪದ. ಬೀಸಿದ ಧಾನ್ಯದ ಶ್ರೇಷ್ಠಾಂಶವನ್ನು ಅದರ ‘ಹೂ’ ಎಂದು ಫ್ರೆಂಚರು ಕರೆದದ್ದು ಇದಕ್ಕೆ ಕಾರಣ. 1755ರ ಜಾನ್ಸನ್ನನ ನಿಘಂಟು ಕೂಡ ಇವನ್ನು ಎರಡು ಪದಗಳಾಗಿ ಬೇರ್ಪಡಿಸಿರಲಿಲ್ಲ. ನಿಶ್ಚಲವೆಂಬರ್ಥದ ‘ಸ್ಟೇಷನರಿ’, ಲೇಖನ ಸಾಮಗ್ರಿಯೆಂಬರ್ಥದ ‘ಸ್ಟೇಷನರಿ’ ಇವೂ ಒಡಹುಟ್ಟಿದವು: ಮಧ್ಯಯುಗದ ಪುಸ್ತಕ ವ್ಯಾಪಾರಿ, ಊರೂರು ತಿರುಗುವ ವರ್ತಕನಂತಲ್ಲದೆ ಒಂದೆಡೆ ಅಂಗಡಿಯಿಟ್ಟು ನೆಲೆನಿಂತವನಾದುದರಿಂದ ‘ಸ್ಟೇಷನರ್’ ಎನಿಸಿಕೊಂಡನು, ಇಂತಹ ವ್ಯಾಪಾರಿಗಳ ಲಂಡನ್ನಿನ ಸಂಘಕ್ಕೆ 1557ರಲ್ಲಿ ರಾಜಶಾಸನವೂ ದೊರೆಯಿತು. ಇಲ್ಲಿ ‘ಎ’, ‘ಇ’ ಅಕ್ಷರಗಳ ಭೇದ ಕೇವಲ ವ್ಯವಹಾರಸೌಕರ್ಯಕ್ಕಾಗಿ ಬಂದುದು. ‘ಪೇಪರ್’ ಪದದ ‘ಇ’ಯನ್ನು ನೆನೆದು ಲೇಖನ ಸಾಮಗ್ರಿಯನ್ನು ಗುರುತಿಸುವ ಹುಡುಗರ ಉಪಾಯವೇ ಇಲ್ಲಿ ಸಾಕು.

ಆಸ್ಥಾನಕವಿ ರಾಬರ್ಟ್ ಬ್ರಿಜಸ್ 1919ರಲ್ಲಿ ಶುದ್ಧ ಇಂಗ್ಲಿಷ್ ಸಂಘದ ಕಿರುಹೊತ್ತಗೆಯಾಗಿ ಸಮೋಚ್ಚಾರ ಪದಗಳ ಮೇಲೊಂದು ಪ್ರಬಂಧವನ್ನು ಪ್ರಕಟಿಸಿ, ಇವು ಭಾಷೆಗೆ ಉಪದ್ರವಕಾರಿಗಳೆಂದೂ ತಮ್ಮನ್ನು ತಾವೇ ಕೊಂದುಕೊಳ್ಳುವ ಪ್ರವೃತ್ತಿಯುಳ್ಳವೆಂದೂ ವಾದಿಸಿದನು. ರಾಣಿಯೆಂಬರ್ಥದ ‘ಕ್ವೀನ್’ ಪದಕ್ಕೆ ದುಶ್ಶೀಲೆಯೆಂಬರ್ಥದ ಇನ್ನೊಂದು ‘ಕ್ವೀನ್’ ಸಮೋಚ್ಚಾರವಾದಾಗ ಎರಡನೆಯದೇ ಬಳಕೆಯಿಂದ ಮರೆಯಾದುದನ್ನು ನೋಡಿದರೆ ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ದಕ್ಷಿಣ ಇಂಗ್ಲೆಂಡಿನ ಶಿಷ್ಟರು ಪದಾಂತ್ಯದಲ್ಲಿಯೂ ವ್ಯಂಜನಕ್ಕೆ ಮೊದಲೂ ಬರುವ ರೇಫವನ್ನು ನುಂಗಿ ಇಂತಹ ಪದಗಳನ್ನು ಇನ್ನೂ ಹೆಚ್ಚಿಸುತ್ತಿರುವುದು ಅವನ ದೊಡ್ಡ ಕೊರಗು. ಅವರ ಬಾಯಲ್ಲಿ ತಂದೆಯೂ ‘ಇನ್ನೂ ದೂರ’ವೂ ಒಂದೇ ಆಗಿಬಿಡುತ್ತವೆ. ಅಕ್ಷರವಿದ್ದಲ್ಲೆಲ್ಲ ರೇಫವನ್ನು ಗಟ್ಟಿಯಾಗಿ ನುಡಿದು ‘ಫಾದರ್’, ‘ಫಾರ್ದರ್’ ಎಂದು ಬೇರ್ಪಡಿಸುವ ನಮ್ಮ ಶಾಲಾಬಾಲಕನನ್ನು ಕಂಡಿದ್ದರೆ ಬ್ರಿಜಸ್ ಪ್ರಾಯಶಃ ತಲೆದೂಗುತ್ತಿದ್ದನು. ಆದರೆ ಅದೇ ಬಾಲಕ ಒಳ ಅಂಗಿಯನ್ನೂ ಪಶ್ಚಿಮ ದಿಕ್ಕನ್ನೂ ನಮ್ಮ ಒಂದೇ ವಕಾರದಿಂದ ‘ವೆಸ್ಟ್’ ಎಂದಾಗ, ಬ್ರಿಜಸ್ಸನ ಸಮೋಚ್ಚಾರ ಪದಗಳ ಪಟ್ಟಿಗೆ ಸೇರದ ಜೋಡಿಯೊಂದು ಹುಟ್ಟಿರುತ್ತದೆ.