ಗುಂಪಿನ ಮುಂದೆ ಯಾರು ಕೂರಬೇಕು? ರಾಮನಗರ ಸೀಮೆಯಲ್ಲಿ ಮದ್ಯವ್ಯಸನ, ಮನೋಆಘಾತ ಮತ್ತು ಗುಂಪು ಚಿಕಿತ್ಸೆ

ಕುಡಿತದ ಚಟವೂ ಹಳೆಯ ಮನೋಆಘಾತವೂ ಒಬ್ಬನಲ್ಲೇ ಸೇರಿಕೊಂಡಿರುವಾಗ ಅವನಿಗೆ ಕೊಡುವ ಗುಂಪು ಚಿಕಿತ್ಸೆಯನ್ನು ಯಾರು ನಡೆಸಬೇಕು? ತಾನೂ ಕುಡಿದು, ಬಿದ್ದು, ಬಿಟ್ಟು ನಿಂತವನೇ, ಇಲ್ಲ ಮನೋವೈದ್ಯಕೀಯದಲ್ಲೋ ಆಪ್ತಸಮಾಲೋಚನೆಯಲ್ಲೋ ತರಬೇತಾದ ತಜ್ಞನೇ? ಮೊದಲನೆಯವನನ್ನು ಈ ಲೇಖನದಲ್ಲಿ ‘ಅನುಭವಿ’ ಎಂದೂ ಎರಡನೆಯವನನ್ನು ‘ತಜ್ಞ’ ಎಂದೂ ಕರೆಯುತ್ತೇನೆ. ಈ ಕುರಿತ ಪಾಶ್ಚಾತ್ಯ ಸಂಶೋಧನೆಗಳೆಲ್ಲ ಒಂದು ಸಂಗತಿಯನ್ನು ಹೇಳದೆಯೇ ಒಪ್ಪಿಕೊಂಡಿವೆ: ಎರಡು ಬಗೆಯ ಗುಂಪುಗಳೂ ಊರಲ್ಲಿವೆ, ರೋಗಿಯನ್ನು ಯಾವುದಕ್ಕೆ ಕಳಿಸಬೇಕೆಂಬುದಷ್ಟೇ ತೀರ್ಮಾನವಾಗಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಿಗೆ ಬಂದರೆ ಈ ಒಪ್ಪಿಗೆ ನಿಲ್ಲುವುದಿಲ್ಲ. ಇಲ್ಲಿ ಅನುಭವಿಯನ್ನು ತೂಗಬೇಕಾದ ತಕ್ಕಡಿಯ ಇನ್ನೊಂದು ತಟ್ಟೆ ಹೆಚ್ಚುಕಡಿಮೆ ಖಾಲಿ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ಈ ನಾಲ್ಕು ತಾಲ್ಲೂಕುಗಳ ಸೀಮೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಹೆಸರಿಗೆ ಬೆಂಗಳೂರು ಹತ್ತಿರವಾದಷ್ಟು ಮನೋವೈದ್ಯಕೀಯ ಸೇವೆ ಹತ್ತಿರವಾಗಿಲ್ಲ. ನಿಮ್ಹಾನ್ಸ್ ಇರುವುದು ರಾಮನಗರದಿಂದ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ. ಈ ಸಾಮೀಪ್ಯವೇ ಒಂದು ತೊಡಕೆಂದು ನನಗನಿಸುತ್ತದೆ. ಹೇಗೂ ಬೆಂಗಳೂರಿದೆಯಲ್ಲ ಎಂಬ ನೆಮ್ಮದಿಯಲ್ಲಿ ತಾಲ್ಲೂಕು ಕೇಂದ್ರದಲ್ಲೇ ಏನಾದರೂ ಕಟ್ಟಬೇಕೆಂಬ ಒತ್ತಡ ಹುಟ್ಟುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ, ಅದರಲ್ಲೂ ‘ಮನೋಚೈತನ್ಯ’ ಯೋಜನೆಯ ಮಂಗಳವಾರಗಳಲ್ಲಿ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಆದರೆ ಒಂದೇ ಬೆಳಗಿನಲ್ಲಿ ಸಾಲು ನಿಂತವರನ್ನೆಲ್ಲ ನೋಡಿ ಚೀಟಿ ಬರೆದುಕೊಡಬೇಕಾದ ವೈದ್ಯರು ಹತ್ತು ಜನರನ್ನು ಸುತ್ತ ಕೂರಿಸಿಕೊಂಡು ಒಂದೂವರೆ ಗಂಟೆ ಮಾತಾಡಿಸುವುದು ಎಲ್ಲಿಂದ ಬಂತು? ಗುಂಪು ಚಿಕಿತ್ಸೆಗೆ ವಾರ ತಪ್ಪದ ಹಾಜರಿ ಬೇಕು, ಅವೇ ಮುಖಗಳು ಬೇಕು. ಹೊರರೋಗಿ ವಿಭಾಗದ ಲಯವೇ ಬೇರೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ಮದ್ಯದ ಅವಲಂಬನೆಯಿರುವ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮದ್ಯಸಂಬಂಧಿ ತೊಂದರೆಗಳಲ್ಲಿ ಚಿಕಿತ್ಸೆಯ ಕೊರತೆಯನ್ನು ಶೇ. 86 ಎಂದು ಗುರುತಿಸಿತು. ಅನುಭವಿ ನಡೆಸುವ ಗುಂಪನ್ನು ತಜ್ಞ ನಡೆಸುವ ಗುಂಪಿನೊಂದಿಗೆ ಹೋಲಿಸುವ ಮೊದಲು, ಅದನ್ನು ಏನೂ ಇಲ್ಲದಿರುವುದರೊಂದಿಗೆ ಹೋಲಿಸಿ ನೋಡುವುದು ನ್ಯಾಯ.

ಎಂಟು ದಿನದ ಶಿಬಿರ ಮತ್ತು ಆಮೇಲಿನ ಸಮಿತಿ

ಏನೂ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಆಸ್ಪತ್ರೆಯ ಆಚೆ, ಕರ್ನಾಟಕದ ಹಳ್ಳಿಗಳಿಗೆ ಚಿರಪರಿಚಿತವಾದ ಗುಂಪು ಚಿಕಿತ್ಸೆಯ ರೂಪ ಒಂದಿದೆ. ಅದು ಮದ್ಯವರ್ಜನ ಶಿಬಿರ. 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಅದರ ಜೊತೆಗಿನ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಎರಡೂ ಇಂಥ ಶಿಬಿರಗಳನ್ನು ಊರೂರಲ್ಲಿ ನಡೆಸಿಕೊಂಡು ಬಂದಿವೆ. ಕರಾವಳಿಯಲ್ಲಿ ಬೇರುಬಿಟ್ಟ ಪದ್ಧತಿ ಹಳೆ ಮೈಸೂರಿನ ಕಡೆಗೂ ಹಬ್ಬಿದೆ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಕುಡುಕರನ್ನು ಒಟ್ಟಿಗೆ ಇರಿಸಿಕೊಳ್ಳುತ್ತಾರೆ. ಊಟ, ಭಜನೆ, ವ್ಯಾಯಾಮ, ಉಪನ್ಯಾಸ, ಗುಂಪು ಸಲಹೆ ಎಲ್ಲ ಅಲ್ಲೇ. ಊರ ಮುಖಂಡರ ಸಮಿತಿ ಖರ್ಚು ಹೊರುತ್ತದೆ. ಹೆಂಡತಿ ಮಕ್ಕಳನ್ನು ಒಂದು ದಿನ ಕರೆಸುತ್ತಾರೆ. ಶಿಬಿರ ಮುಗಿದ ಮೇಲೆ ಪಾನಮುಕ್ತರಾದವರು ‘ನವಜೀವನ ಸಮಿತಿ’ ಎಂದು ಕೂಡಿಕೊಂಡು ಆಗಾಗ ಸಭೆ ಸೇರುತ್ತಾರೆ.

ಸಂಶೋಧಕನ ಕಣ್ಣಿಗೆ ಇಲ್ಲಿ ಮೊದಲು ಬೀಳಬೇಕಾದದ್ದು ವಿಂಗಡಣೆಯ ಸಮಸ್ಯೆ. ಶಿಬಿರವನ್ನು ನಡೆಸುವವರು ಅನುಭವಿಗಳೂ ಅಲ್ಲ, ತಜ್ಞರೂ ಅಲ್ಲ. ಸಂಘಟಕರು, ಶಿಬಿರಾಧಿಕಾರಿ, ಸ್ವಾಮೀಜಿ, ನಿವೃತ್ತ ಮೇಷ್ಟ್ರು, ಪಂಚಾಯ್ತಿ ಸದಸ್ಯ: ಒಟ್ಟಿನಲ್ಲಿ ಊರು. ಪಾಶ್ಚಾತ್ಯ ವಾದದಲ್ಲಿ ಜಾಗವೇ ಇಲ್ಲದ ಮೂರನೆಯ ಬಗೆಯ ನಾಯಕತ್ವ ಇದು. ನವಜೀವನ ಸಮಿತಿಯ ಹಂತಕ್ಕೆ ಬಂದಾಗ ಮಾತ್ರ ಗುಂಪು ಅನುಭವಿಗಳ ಕೈಗೆ ಬರುತ್ತದೆ. 1935ರಲ್ಲಿ ಅಮೆರಿಕದ ಅಕ್ರನ್ ಪಟ್ಟಣದಲ್ಲಿ ಹುಟ್ಟಿ ಭಾರತಕ್ಕೂ ಬಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಇದರ ದೂರದ ನೆಂಟ. ಆದರೆ ಆ ಬಳಗದ ಹೆಸರಿನಲ್ಲೇ ಅನಾಮಿಕತೆ ಇದೆ. ಇಲ್ಲಿ ಅದಕ್ಕೆ ತದ್ವಿರುದ್ಧ: ಸಮಾರೋಪಕ್ಕೆ ಊರೇ ಸೇರುತ್ತದೆ, ಶಿಬಿರಾರ್ಥಿಗಳ ಫೋಟೊ ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ. ಊರೆದುರು ಬಿಟ್ಟೆನೆಂದು ಹೇಳಿದವನನ್ನು ಊರೇ ಕಾಯುತ್ತದೆ. ಎಡವಿದರೆ ಅದೇ ಊರು ಆಡಿಕೊಳ್ಳುತ್ತದೆ.

ಕುಡಿತದ ವಿಚಾರ ಈ ಸೀಮೆಗೆ ರಾಜಕೀಯವಾಗಿಯೂ ಹತ್ತಿರದ್ದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಯಾದಾಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಆಗ ರಾಮನಗರದ್ದೇ ಶಾಸಕ. ಪ್ಯಾಕೆಟ್ ಸಾರಾಯಿ ಹೋಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದವು. ಚಟ ಬ್ರಾಂಡ್ ಬದಲಿಸಿತು, ಅಷ್ಟೇ.

ಪುರಾವೆ ಏನನ್ನುತ್ತದೆ

ನಮ್ಮ ಪ್ರಶ್ನೆಯನ್ನು ನೇರವಾಗಿ ಕೇಳಿದ ಅಧ್ಯಯನಗಳು ಕೆಲವೇ. ಅವುಗಳಲ್ಲಿ ಮುಖ್ಯವಾದದ್ದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಗ್ರಾಮೀಣ ಪ್ರದೇಶವೊಂದರಲ್ಲಿ ಆನೆಟ್ ಕ್ರಿಸಾಂಟಿ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ್ದು. ಲೀಸಾ ನಜಾವಿಟ್ಸ್ ರೂಪಿಸಿದ ‘ಸೀಕಿಂಗ್ ಸೇಫ್ಟಿ’ ಎಂಬ, ಆಘಾತ ಮತ್ತು ವ್ಯಸನ ಎರಡನ್ನೂ ಒಟ್ಟಿಗೆ ಹಿಡಿಯುವ 25 ವಿಷಯಗಳ ಪಠ್ಯವನ್ನು ಕೆಲವು ಗುಂಪುಗಳಲ್ಲಿ ಅನುಭವಿಗಳೂ ಕೆಲವುಗಳಲ್ಲಿ ಪರವಾನಗಿ ಪಡೆದ ತಜ್ಞರೂ ನಡೆಸಿದರು. ಅನುಭವಿ ಮೇಲೆಂದು ತೋರಿಸುವುದು ಅದರ ಉದ್ದೇಶವಲ್ಲ. ಅನುಭವಿ ನಡೆಸಿದರೆ ಫಲ ಕಡಿಮೆಯಾಗುವುದಿಲ್ಲ ಎಂದು ತೋರಿಸುವುದು. ಆಘಾತೋತ್ತರ ಒತ್ತಡದ ಲಕ್ಷಣಗಳಲ್ಲಾಗಲಿ ಕಷ್ಟ ನಿಭಾಯಿಸುವ ಕೌಶಲದಲ್ಲಾಗಲಿ ಫಲ ಕಡಿಮೆಯಾಗಲಿಲ್ಲ.

ಇದನ್ನು ಹಿಡಿದು ಕುಣಿಯುವ ಮುನ್ನ ಎರಡು ಮಾತು. ಒಂದು, ಆ ಅನುಭವಿಗಳು ದಾರಿಯಲ್ಲಿ ಹೋಗುತ್ತಿದ್ದವರಲ್ಲ. ತರಬೇತಿ ಪಡೆದವರು, ತಜ್ಞರ ಕೈಯಲ್ಲಿದ್ದ ಪಠ್ಯವನ್ನೇ ಹಿಡಿದವರು. ಎರಡನೆಯದು ಇನ್ನೂ ಇರುಸುಮುರುಸಿನದು. ಡೆನಿಸ್ ಹೀನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ, ಏಳು ಕೇಂದ್ರಗಳ 353 ಮಹಿಳೆಯರ ಅಧ್ಯಯನದಲ್ಲಿ ಇದೇ ಸೀಕಿಂಗ್ ಸೇಫ್ಟಿಯನ್ನು ಮಹಿಳೆಯರ ಸಾಮಾನ್ಯ ಆರೋಗ್ಯ ಶಿಕ್ಷಣದ ಗುಂಪಿನೊಂದಿಗೆ ಹೋಲಿಸಿದಾಗ ಎರಡರಲ್ಲೂ ಆಘಾತದ ಲಕ್ಷಣಗಳು ಇಳಿದವು, ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಕೆಲಸ ಮಾಡಿದ್ದು ಪಠ್ಯವೇ, ನಡೆಸಿದವರೇ, ಇಲ್ಲ ವಾರವಾರ ಒಂದೆಡೆ ಸೇರಿ ಕೂತದ್ದೇ? ಮೂರನೆಯದರ ಪಾಲು ನಾವು ಲೆಕ್ಕಕ್ಕೆ ಹಿಡಿಯುವುದಕ್ಕಿಂತ ದೊಡ್ಡದೆಂದು ನನ್ನ ಅಂದಾಜು.

ಕುಡಿತವೊಂದನ್ನೇ ತೆಗೆದುಕೊಂಡರೆ ಚಿತ್ರ ಇನ್ನಷ್ಟು ತಿಳಿಯಾಗುತ್ತದೆ. 2020ರ ಕಾಕ್ರೇನ್ ಪರಾಮರ್ಶೆ 27 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿತು. ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳ ದಾರಿಗೆ ಕ್ರಮಬದ್ಧವಾಗಿ ಸೇರಿಸಲ್ಪಟ್ಟವರಲ್ಲಿ ಒಂದು ವರ್ಷದ ಕೊನೆಗೆ ಪೂರ್ತಿ ಬಿಟ್ಟಿದ್ದವರು ಶೇ. 42ರಷ್ಟು, ಅರಿವು-ವರ್ತನೆ ಚಿಕಿತ್ಸೆಯಂಥ ಇತರ ಕ್ರಮಗಳಲ್ಲಿ ಶೇ. 35ರಷ್ಟು. ಆದರೆ ಈ ‘ಸೇರಿಸುವ’ ಕೆಲಸ ಮಾಡಿದವರು ಬಹುಪಾಲು ತಜ್ಞರೇ. ತಜ್ಞ ಕೈಹಿಡಿದು ಬಾಗಿಲವರೆಗೆ ತಂದು ಬಿಟ್ಟ, ಒಳಗೆ ಅನುಭವಿಗಳು ಕಾದಿದ್ದರು. ಈ ಪುರಾವೆಯನ್ನು ಒಂದು ಪಕ್ಷದ ಗೆಲುವೆಂದು ಓದುವವರು ಅದನ್ನು ಅರ್ಧ ಓದಿದವರು.

ನಮಗೆ ಹತ್ತಿರದ್ದು ಗೋವಾದ ಉದಾಹರಣೆ. ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ, ಹಾನಿಕರ ಮಟ್ಟದಲ್ಲಿ ಕುಡಿಯುತ್ತಿದ್ದ 377 ಗಂಡಸರು. ಸಲಹೆ ಕೊಟ್ಟವರು ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರು. ಹೆಚ್ಚೆಂದರೆ ನಾಲ್ಕು ಭೇಟಿ. ಮೂರು ತಿಂಗಳ ಬಳಿಕ ಸುಧಾರಿಸಿದವರು ಸಲಹೆ ಪಡೆದವರಲ್ಲಿ ಶೇ. 36, ಉಳಿದವರಲ್ಲಿ ಶೇ. 26. ಇದು ಗುಂಪು ಚಿಕಿತ್ಸೆಯಲ್ಲ, ಸಲಹೆಗಾರರು ಕುಡಿದು ಬಿಟ್ಟವರೂ ಅಲ್ಲ. ಆದರೂ ಅಲ್ಲಿಂದ ಒಂದು ವಿಧಾನವನ್ನು ಹೊತ್ತು ತರಬಹುದು: ಆ ಯೋಜನೆಯ ಸಲಹೆಗಾರರು ಧ್ವನಿಮುದ್ರಿಸಿದ ಭೇಟಿಗಳನ್ನು ಕೂಡಿ ಕೇಳಿ ಪರಸ್ಪರ ಅಂಕ ಹಾಕುತ್ತಿದ್ದರು. ಮೇಲ್ವಿಚಾರಣೆಗೆ ಪ್ರತಿವಾರ ಬೆಂಗಳೂರಿನಿಂದ ಯಾರೋ ಬರಬೇಕೆಂದೇನಿಲ್ಲ.

ಆಘಾತಕ್ಕೆ ಇಲ್ಲಿ ವಿಳಾಸವಿದೆ

ಮನೋಆಘಾತ ಎಂದೊಡನೆ ಯುದ್ಧ, ಭೂಕಂಪ, ಅಪಘಾತ ನೆನಪಾಗುತ್ತವೆ. ರಾಮನಗರ ಸೀಮೆಯ ಆಘಾತವನ್ನು ಹುಡುಕಬೇಕಾದ ಜಾಗಗಳಲ್ಲಿ ಒಂದು ರೇಷ್ಮೆ ಬಿಚ್ಚಾಣಿಕೆಯ ಕೊಟ್ಟಿಗೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆಯ ಸುತ್ತ ಬೆಳೆದ ಫಿಲೇಚರುಗಳಲ್ಲಿ, ಮಾಗಡಿಯ ಹುರಿ ಕಾರ್ಖಾನೆಗಳಲ್ಲಿ ಒಂದು ಕಾಲಕ್ಕೆ ಮಕ್ಕಳೇ ದುಡಿಯುತ್ತಿದ್ದರು. ಅಪ್ಪ ಅಮ್ಮ ಪಡೆದ ಮುಂಗಡಕ್ಕೆ ಮಗು ಜೀತ. ಹ್ಯೂಮನ್ ರೈಟ್ಸ್ ವಾಚ್‌ನ 2003ರ ವರದಿಯಲ್ಲಿ ಕರ್ನಾಟಕದ ರೇಷ್ಮೆ ಊರುಗಳ ಈ ಚಿತ್ರ ದಾಖಲಾಗಿದೆ: ಕುದಿನೀರಿಗೆ ಕೈಯದ್ದಿ ಗೂಡಿನ ಎಳೆ ಹುಡುಕುವುದು, ಬೊಬ್ಬೆಯೆದ್ದ ಅಂಗೈ, ಹೊಗೆ, ಹೊಡೆತ. ಜೀತಪದ್ಧತಿ ರದ್ದತಿ ಕಾಯ್ದೆ 1976ರದ್ದು. ಬಾಲಕಾರ್ಮಿಕ ಕಾಯ್ದೆ 1986ರದ್ದು. ವರದಿ ಬಂದದ್ದು ಅವೆರಡೂ ಬಂದು ಎಷ್ಟೋ ವರ್ಷಕ್ಕೆ.

ಆಗ ಹತ್ತು ವರ್ಷದವರಾಗಿದ್ದವರು ಈಗ ಮೂವತ್ತು ದಾಟಿ ನಲವತ್ತರತ್ತ ಇದ್ದಾರೆ. ಕುಡಿತ ಬಿಡಿಸಿ ಎಂದು ಮನೆಯವರು ಕರೆತರುವ ಗಂಡಸರ ವಯಸ್ಸು ಹೆಚ್ಚಾಗಿ ಅದೇ. ಇಬ್ಬರೂ ಒಬ್ಬರೇ ಎಂದು ನಾನು ಸಾಧಿಸುತ್ತಿಲ್ಲ, ಅದು ಪರೀಕ್ಷಿಸಬೇಕಾದ ಊಹೆ. ಆದರೆ ಆಧಾರವಿಲ್ಲದ ಊಹೆಯಲ್ಲ. ವಿನ್ಸೆಂಟ್ ಫೆಲಿಟಿ ಮತ್ತು ಸಂಗಡಿಗರ 1998ರ ಅಧ್ಯಯನದಲ್ಲಿ, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕೆಟ್ಟ ಅನುಭವ ಕಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನ ಮುಂತಾದವುಗಳ ಸಂಭವ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು.

ಈ ಬಾಲ್ಯಕ್ಕೆ ಶಿಬಿರದಲ್ಲೂ ಜಾಗವಿಲ್ಲ, ಕ್ಲಿನಿಕ್ಕಿನಲ್ಲೂ ಇಲ್ಲ ಎಂಬುದು ನನ್ನ ಮುಖ್ಯ ತಕರಾರು. ಶಿಬಿರದ ಕಥಾನಕ ತಪ್ಪೊಪ್ಪಿಗೆಯದು: ಕುಡಿದೆ, ಹೆಂಡತಿಗೆ ಹೊಡೆದೆ, ಮನೆ ಹಾಳುಮಾಡಿದೆ, ಇನ್ನು ಬಿಟ್ಟೆ. ಕಥೆ ಶುರುವಾಗುವುದೇ ಮೊದಲ ಲೋಟದಿಂದ. ಕ್ಲಿನಿಕ್ಕಿನ ಕೇಸ್ ಶೀಟಿನಲ್ಲಿ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕ್ವಾರ್ಟರ್, ಬೆಳಿಗ್ಗೆ ಕೈ ನಡುಗುತ್ತದೆಯೇ ಎಂಬ ಪ್ರಶ್ನೆಗಳಿರುತ್ತವೆ. ಲೋಟಕ್ಕೆ ಮುಂಚೆ ಏನಾಗಿತ್ತು ಎಂದು ಇಬ್ಬರೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತವನೂ ಅದೇ ಕುದಿನೀರಿನ ಬೇಸಿನ್ನಿನ ಮುಂದೆ ನಿಂತು ಬೆಳೆದವನಾದರೆ ಕೇಳುವ ಅಗತ್ಯವೇ ಬೀಳದಿರಬಹುದು. ಅನುಭವಿಯ ಬಲವಿರುವುದು ಅಲ್ಲಿ.

ಹಾಗೆಂದು ಎಲ್ಲರೂ ಗುಂಪಿನಲ್ಲಿ ಬಾಯಿಬಿಟ್ಟು ಹಳೆಯದನ್ನೆಲ್ಲ ತೋಡಿಕೊಳ್ಳಲಿ ಎನ್ನಲಾಗದು. ಮುಂಗಡ ಕೊಟ್ಟ ಮಾಲೀಕನ ಮನೆ ಇದೇ ಊರಲ್ಲಿರುತ್ತದೆ, ಅವನ ತಮ್ಮ ಇದೇ ಗುಂಪಿನಲ್ಲಿರಬಹುದು. ಜಾತಿ, ಸಾಲ, ನೆಂಟಸ್ತನ ಎಲ್ಲ ಸುತ್ತಿಕೊಂಡ ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಸೀಕಿಂಗ್ ಸೇಫ್ಟಿಯಂಥ ಪಠ್ಯ ಇಲ್ಲಿಗೆ ಒಗ್ಗಬಹುದೆನ್ನಲು ಇದೇ ಕಾರಣ. ಅದು ಗತವನ್ನು ವಿವರವಾಗಿ ಹೇಳಿಸುವುದಿಲ್ಲ. ಈ ಹೊತ್ತು ಸಿಟ್ಟು ಬಂದರೆ, ರಾತ್ರಿ ಬೆಚ್ಚಿಬಿದ್ದರೆ, ಕುಡಿಯುವ ತುಡಿತ ಹುಟ್ಟಿದರೆ ಏನು ಮಾಡಬೇಕೆಂಬುದನ್ನು ಕಲಿಸುತ್ತದೆ.

ಅನುಭವಿಗೆ ಗೊತ್ತಿರುವುದು, ಗೊತ್ತಿಲ್ಲದ್ದು

ಈ ಸೀಮೆಯಲ್ಲಿ ಕುಡಿತ ಮರುಕಳಿಸಲು ಪಂಚಾಂಗವೇ ಸಾಕು. ಯುಗಾದಿಯ ಮರುದಿನದ ಹೊಸತೊಡಕು, ಮಾರಮ್ಮನ ಹಬ್ಬ, ಪಿತೃಪಕ್ಷದ ಎಡೆಯಲ್ಲಿ ತೀರಿಕೊಂಡ ಅಪ್ಪನಿಗಿಷ್ಟವೆಂದು ಇಡುವ ಬಾಟಲಿ. ಎಡೆ ತೆಗೆದ ಮೇಲೆ ಅದನ್ನು ಯಾರು ಕುಡಿಯಬೇಕು? ಬಿಟ್ಟವನೊಬ್ಬ ಹಿರಿಯ ಮಗನಾಗಿದ್ದರೆ ಇದು ಸಣ್ಣ ಪ್ರಶ್ನೆಯಲ್ಲ. ತಜ್ಞನ ಕೈಪಿಡಿಯಲ್ಲಿ ‘ಅಪಾಯದ ಸಂದರ್ಭಗಳು’ ಎಂಬ ಅಧ್ಯಾಯವಿರುತ್ತದೆ, ಅದರಲ್ಲಿ ಪಿತೃಪಕ್ಷವಿರುವುದಿಲ್ಲ. ಅನುಭವಿ ಹಿಂದಿನ ವಾರವೇ ಮನೆಗೆ ಹೋಗಿ, ಎಡೆಗೆ ಬರೀ ಮುದ್ದೆ ಸಾರು ಸಾಕೆಂದು ತಾಯಿಯನ್ನು ಒಪ್ಪಿಸಿ ಬಂದಾನು.

ಆದರೆ ಅವನಿಗೆ ಗೊತ್ತಿಲ್ಲದ್ದು ಕೊಲ್ಲಬಲ್ಲದು. ಹತ್ತಾರು ವರ್ಷ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿದು, ಇಲ್ಲದ್ದು ಕಂಡು, ಜ್ವರವೇರಿ ಪ್ರಾಣಕ್ಕೇ ಬರಬಹುದು. ಅದಕ್ಕೆ ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಔಷಧಿ ಬೇಕು, ಥಯಾಮಿನ್ ಬೇಕು, ನಾಡಿ ನೋಡುವವರು ರಾತ್ರಿಯಿಡೀ ಬೇಕು. ಭಜನೆಯಿಂದಾಗಲಿ ಸಂಕಲ್ಪದಿಂದಾಗಲಿ ಇದು ತಡೆಯುವುದಲ್ಲ. ಆತ್ಮಹತ್ಯೆಯ ಮಾತು ಬಂದಾಗಲೂ ಅಷ್ಟೇ: ಗುಂಪಿನ ನಾಯಕ ಯಾರಿಗೆ ಒಪ್ಪಿಸಬೇಕೆಂಬುದು ಮೊದಲೇ ಗೊತ್ತಿರಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆ ಒಂದು ದಾರಿ. ತಾಲ್ಲೂಕು ಆಸ್ಪತ್ರೆಯ ಹಾಸಿಗೆ ಇನ್ನೊಂದು.

ಹೆಂಗಸರ ವಿಚಾರ ಬೇರೆಯದೇ ಲೇಖನ ಬೇಡುತ್ತದೆ. ಕುಡಿಯುವವರು ಬಹುಮಟ್ಟಿಗೆ ಗಂಡಸರು, ಹೊಡೆತ ತಿಂದವರು ಅವರ ಹೆಂಡಂದಿರು. ಶಿಬಿರ ಅವರನ್ನು ಕ್ಷಮಿಸುವವರ ಪಾತ್ರಕ್ಕೆ ಕರೆಯುತ್ತದೆಯೇ ಹೊರತು ಆಘಾತಕ್ಕೊಳಗಾದವರೆಂದು ನೋಡುವುದಿಲ್ಲ. ಅವರ ಅನುಭವಿ ಗುಂಪು ಬಹುಶಃ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲೇ ಇದೆ. ಉಳಿತಾಯದ ಪುಸ್ತಕ ಮಡಚಿಟ್ಟ ಮೇಲೆ ಅಲ್ಲಿ ನಡೆಯುವ ಮಾತನ್ನು ಯಾರೂ ಚಿಕಿತ್ಸೆ ಎಂದು ದಾಖಲಿಸಿಲ್ಲ.

ಯಾವ ಪರೀಕ್ಷೆ

ಹೀಗಾಗಿ ಈ ನಾಲ್ಕು ತಾಲ್ಲೂಕುಗಳಿಗೆ ನಾನು ಸೂಚಿಸುವುದು ಅನುಭವಿ ಮತ್ತು ತಜ್ಞರ ನಡುವಿನ ಪಂದ್ಯವನ್ನಲ್ಲ. ಮೊದಲ ಐದಾರು ದಿನಗಳ ವಿಷ ಇಳಿಸುವ ಚಿಕಿತ್ಸೆ ಎಲ್ಲರಿಗೂ ಆಸ್ಪತ್ರೆಯಲ್ಲೇ ಆಗಲಿ, ಅದು ಪರೀಕ್ಷೆಯ ವಿಷಯವಲ್ಲ. ಆಮೇಲೆ ಗ್ರಾಮ ಪಂಚಾಯ್ತಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಬೇಕು. ಒಂದರಲ್ಲಿ ಈಗಿರುವ ಪಾನಮುಕ್ತರ ಸಭೆ ಇದ್ದ ಹಾಗೇ ನಡೆಯಲಿ. ಇನ್ನೊಂದರಲ್ಲಿ ಅಂಥದೇ ಸಭೆಯ ನಾಯಕರಿಗೆ ಆಘಾತದ ಪಠ್ಯ, ತರಬೇತಿ, ಪರಸ್ಪರ ಅಂಕ ಹಾಕುವ ಮೇಲ್ವಿಚಾರಣೆ ಸಿಗಲಿ. ಆಗ ಉತ್ತರ ಸಿಗುವುದು ಅನುಭವಿ ತಜ್ಞನಿಗೆ ಸಮನೇ ಎಂಬುದಕ್ಕಲ್ಲ, ಅನುಭವಿಗೆ ತಜ್ಞತೆಯ ಯಾವ ಅಂಶ ಕೊಟ್ಟರೆ ಸಾಕು ಎಂಬುದಕ್ಕೆ. ಲೆಕ್ಕ ಹಾಕುವಾಗ ಶಿಬಿರ ಮುಗಿದ ದಿನದ ಸಂಖ್ಯೆಯನ್ನು ಬದಿಗಿಟ್ಟು, ಒಂದು ಹೊಸತೊಡಕು ಮತ್ತು ಒಂದು ಪಿತೃಪಕ್ಷ ಕಳೆದ ಮೇಲೆ ಯಾರು ಇನ್ನೂ ಸಭೆಗೆ ಬರುತ್ತಿದ್ದಾರೆಂದು ನೋಡಬೇಕು. ಸಭೆ ಬಿಟ್ಟವರನ್ನು ಲೆಕ್ಕದಿಂದ ತೆಗೆಯದೆ ಅವರ ಮನೆಗೂ ಹೋಗಿ ಕೇಳಬೇಕು.

ಉಳಿಯುವುದು ಸಂಬಳದ ಪ್ರಶ್ನೆ. ವಾರಕ್ಕೊಂದು ಸಂಜೆ ಗುಂಪು ನಡೆಸಿ, ಮಧ್ಯೆ ನಾಲ್ಕು ಮನೆ ತಿರುಗುವವನು ಅಷ್ಟರಮಟ್ಟಿಗೆ ಕೂಲಿ ಬಿಟ್ಟಿರುತ್ತಾನೆ. ಆಶಾ ಕಾರ್ಯಕರ್ತೆಯರಿಗೆ ಕೊಡುವಂಥ ಗೌರವಧನದ ಮಾದರಿ ಒಂದಿದೆ, ಅದರ ಸಾಕಾಗದ ಮೊತ್ತ, ತಡವಾಗುವ ಪಾವತಿಯ ಜಗಳವೂ ನಮ್ಮ ಕಣ್ಣೆದುರಿಗಿದೆ. ಕೊಡದಿದ್ದರೆ ಆರು ತಿಂಗಳಲ್ಲಿ ಅವನು ನಿಲ್ಲಿಸುತ್ತಾನೆ. ಕೊಟ್ಟರೆ ಗುಂಪಿನವರಿಗೆ ಅವನು ನಮ್ಮವನೋ ಸರ್ಕಾರದವನೋ ಎಂಬ ಅನುಮಾನ ಶುರುವಾಗುತ್ತದೆ. ಈ ಎರಡರ ಪರಿಣಾಮವನ್ನೂ ಅದೇ ಪರೀಕ್ಷೆಯೊಳಗೆ ಸೇರಿಸಿ ಅಳೆಯಲು ಅಡ್ಡಿಯೇನಿಲ್ಲ: ಅರ್ಧದಷ್ಟು ನಾಯಕರಿಗೆ ಗೌರವಧನ, ಇನ್ನರ್ಧಕ್ಕೆ ಬಸ್ ಚಾರ್ಜು ಮತ್ತು ಸಭೆಯ ಕಾಫಿ ಖರ್ಚು ಮಾತ್ರ.