ಎಡಕ್ಕೆ ವಾಲಿದ ಅಂಬಾಸಿಡರ್

ಅಂಬಾಸಿಡರ್ ಕಾರನ್ನು ನಮ್ಮ ದೇಶದ್ದೇ ಎಂದುಕೊಂಡು ಬೆಳೆದವರು ನಾವು. ಆದರೆ ಅದರ ತವರು ಇಂಗ್ಲೆಂಡು. ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ 1956ರಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಒಂದೆರಡು ವರ್ಷದಲ್ಲಿ ಕಲ್ಕತ್ತೆ ಹತ್ತಿರದ ಉತ್ತರಪಾಡಾಕ್ಕೆ ಬಂದು, ಹಿಂದೂಸ್ತಾನ್ ಮೋಟಾರ್ಸ್‌ನವರ ಕೈಯಲ್ಲಿ ಹೆಸರು ಬದಲಿಸಿಕೊಂಡಿತು. ತವರಿನಲ್ಲಿ ಕೆಲವೇ ವರ್ಷ ಇದ್ದ ಈ ಮಗಳು ಗಂಡನ ಮನೆಯಲ್ಲಿ 2014ರ ಮೇ ತಿಂಗಳವರೆಗೆ ಬಾಳಿದಳು.

ನಮ್ಮ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ರಾಜ್ಯದ ಮೊದಲ ಮಹಿಳಾ ಸ್ಪೀಕರ್ ಆಗಿದ್ದ ಕಾಲಕ್ಕೆ, ಅಧಿಕಾರ ಎಂದರೆ ಬಿಳಿಯ ಅಂಬಾಸಿಡರ್. ನಮ್ಮಂಥವರ ಪಾಲಿಗೆ ಅದು ಟ್ಯಾಕ್ಸಿ. ಅಪ್ಪನದು 1978ರ ಮಾರ್ಕ್ 3. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಅದು ಎಷ್ಟು ಬಾಣಂತಿಯರನ್ನು, ಎಷ್ಟು ಮದುಮಕ್ಕಳನ್ನು ಹೊತ್ತಿತೋ! ನಮ್ಮಿಬ್ಬರ ಓದಿನ ಖರ್ಚೂ ಅದರ ಚಕ್ರದಿಂದಲೇ ಬಂದದ್ದು.

ಅಪ್ಪ ಹೋದ ಮೇಲೆ ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ತಮ್ಮ 2016ರಲ್ಲಿ ಒಂದು ಗ್ಯಾರೇಜಿಗೆ ಬಿಟ್ಟ. ಮುಂಭಾಗವನ್ನೆಲ್ಲ ಬಿಚ್ಚಿ ಹೊಸ ಬುಷ್, ಪಿನ್ನು ಹಾಕಿದರು. ಕೆಳಗಿಳಿಸಿದರೆ ಕಾರು ಎಡಕ್ಕೆ ವಾಲಿ ನಿಂತಿತು! ದುಡ್ಡು ಸುರಿದಿದ್ದ ತಮ್ಮ ರೋಸಿಹೋಗಿ ಗುಜರಿಯವನನ್ನು ಕರೆತಂದ. ಅವ್ವ ಬಾಗಿಲಲ್ಲೇ ಕೂತಳು. "ಮಾರುಬುಡು ಅಂತ ನಾ ಹೇಳಿಲ್ಲ ಕನಾ. ಮೊದ್ಲು ಯಾಕೆ ವಾಲ್ತು ಅಂತ ನೋಡ್ಸು."

ಗುಂಡ್ಲುಪೇಟೆಯಿಂದ ಅಪ್ಪನ ಪರಿಚಯದ ಹಳೇ ಮೇಸ್ತ್ರಿ ಬಂದರು. ಸ್ಪ್ಯಾನರು ಮುಟ್ಟಲಿಲ್ಲ. ಕಾರನ್ನು ಭತ್ತದ ಮಿಲ್ಲಿನ ಸಪಾಟು ಕಣಕ್ಕೆ ತಳ್ಳಿಸಿದರು, ನಾಲ್ಕೂ ಟೈರುಗಳ ಗಾಳಿ ಸರಿ ಮಾಡಿಸಿದರು. ಆಮೇಲೆ ಅವ್ವನ ಹೊಲಿಗೆ ಟೇಪು ಕೇಳಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆದರು. ನೆಲದಿಂದ ಅಳೆದರೆ ಟೈರಿನ ಸವೆತವೂ ಸೇರಿಬಿಡುತ್ತದಂತೆ. ಎಡಗಡೆ ಒಂದೂವರೆ ಇಂಚು ಕಡಿಮೆ.

ಹಿಂದಿನ ಪಟ್ಟೆ ಸ್ಪ್ರಿಂಗು ಒಂದು ಕಡೆ ಸೋತರೂ ಮುಂಭಾಗ ವಾಲಿದಂತೆ ಕಾಣುವುದುಂಟು. ಅದಕ್ಕೇ ಹಿಂದಿನ ಅಚ್ಚಿನ ನಟ್ಟನಡುವೆ ಒಂದೇ ಜಾಕು ಕೊಟ್ಟು ಎತ್ತಿದರು. ಈಗ ಹಿಂಭಾಗ ತಕ್ಕಡಿಯ ದಂಡಿಗೆಯಂತೆ ಎತ್ತಬೇಕಾದರೂ ಓಲಾಡಬಲ್ಲುದು, ಯಾವ ಕಡೆಗೂ ಒತ್ತುವುದಿಲ್ಲ. ಆದರೂ ವಾಲು ಹಾಗೇ ಇತ್ತು. ದೋಷ ಮುಂದಿನದೇ.

ಅಂಬಾಸಿಡರಿನ ಮುಂದೆ ಸುರುಳಿ ಸ್ಪ್ರಿಂಗಿಲ್ಲ. ಪ್ರತಿ ಚಕ್ರಕ್ಕೂ ಒಂದು ಉದ್ದನೆಯ ಉಕ್ಕಿನ ಸರಳು, ಟಾರ್ಷನ್ ಬಾರ್. ಒದ್ದೆ ಸೀರೆಯನ್ನು ಇಬ್ಬರು ಹಿಡಿದು ಹಿಂಡುವಾಗ ಅದು ಕೈಯನ್ನು ಹಿಂದಕ್ಕೆ ತಿರುಗಿಸಲು ನೋಡುವುದಿಲ್ಲವೇ? ಕಾರಿನ ಭಾರ ಸರಳನ್ನು ಹಾಗೆ ತಿರುಚುತ್ತದೆ, ಸರಳು ಎದುರು ತಿರುಗಿ ಕಾರನ್ನು ಎತ್ತಿ ಹಿಡಿಯುತ್ತದೆ. ಫ್ರಾನ್ಸಿನ ಸಿತ್ರೊಯೆನ್ 1934ರಲ್ಲೇ ಇದನ್ನು ಕಾರಿಗೆ ತಂದಿತ್ತು. 1948ರ ಮಾರಿಸ್ ಮೈನರಿಗೆ ಅಲೆಕ್ ಇಸಿಗೊನಿಸ್ ಹಾಕಿದ್ದೂ ಇಂಥದ್ದೇ ಸರಳು. ಅದರ ತುದಿಯಲ್ಲಿ ಸಣ್ಣ ಹಲ್ಲುಗಳು. ಯಾವ ಹಲ್ಲಿಗೆ ಕೂರಿಸಿದ್ದೀರಿ ಎಂಬುದರ ಮೇಲೆ ಆ ಮೂಲೆಯ ಎತ್ತರ.

ಮೇಸ್ತ್ರಿ ಮೊದಲು ಸರಳಿನ ಗುರುತು ನೋಡಿದರು. ಎಡದ್ದು ಬಲಕ್ಕೆ ಹೋಗಿರಲಿಲ್ಲ. ಹಾಗೆ ಅದಲುಬದಲು ಮಾಡುವಂತಿಲ್ಲವಂತೆ. ತಿರುಚಿದ ದಿಕ್ಕಿಗೇ ಅದು ಒಗ್ಗಿಹೋಗಿರುತ್ತದೆ. ಆಮೇಲೆ ಬುಷ್‌ಗಳ ಬೋಲ್ಟು ಸಡಿಲಿಸಿ, ಕಾರನ್ನು ಚಕ್ರದ ಮೇಲೇ ನಿಲ್ಲಿಸಿ, ನಾಲ್ಕು ಸಲ ಕುಲುಕಿ ಮತ್ತೆ ಬಿಗಿದರು. ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಆ ಕಡೆಯನ್ನು ಎತ್ತಿ ಹಿಡಿಯುತ್ತದೆ. ಬಲಗಡೆ ಆಗಿದ್ದು ಅದೇ. ಅರ್ಧ ಇಂಚು ಅಲ್ಲೇ ಸರಿಹೋಯಿತು.

ಉಳಿದದ್ದು ಹಲ್ಲಿನ ಲೆಕ್ಕ. ಬಿಚ್ಚುವ ಮೊದಲು ಗ್ಯಾರೇಜಿನವರು ಗುರುತು ಹಾಕಿಕೊಂಡಿರಲಿಲ್ಲ. ಹಳೇ ರವಿಕೆ ಬಿಚ್ಚಿ ಹೊಲಿಯುವ ಹುಡುಗಿಯೂ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತಾಳೆ! ಮೇಸ್ತ್ರಿ ಎಡದ ಸರಳನ್ನು ಕಳಚಿ ಒಂದು ಹಲ್ಲು ದಾಟಿಸಿ ಕೂರಿಸಿದರು. ಮತ್ತೆ ಟೇಪು ಹಿಡಿದಾಗ ಬಲಗಡೆ ಕಾಲಿಂಚು ಎತ್ತರ ಉಳಿದಿತ್ತು.

"ಅದು ಇರ್ಲಿ ಕಣಮ್ಮಾ, ಡ್ರೈವರು ಕೂತ್ರೆ ಇಳೀತದೆ," ಎಂದರು.

ಹೊಸ ಬುಷ್ ಕೂತುಕೊಂಡ ಮೇಲೆ ಇನ್ನೊಮ್ಮೆ ಅಳೆಯಲು ಹೇಳಿ ಹೋಗಿದ್ದರು. ತಿಂಗಳು ಬಿಟ್ಟು ತಮ್ಮನೇ ಟೇಪು ಹಿಡಿದ. ಅದೇ ಕಾಲಿಂಚು. ಅಷ್ಟರೊಳಗೆ ಅವ್ವ ನಾಲ್ಕು ಸಲ ಗುಂಡ್ಲುಪೇಟೆಗೆ ಹೋಗಿ ಬಂದಿದ್ದಳು.