ಮಹಬೂಬ್ ಮತ್ತು ಮೊಯ್ದಿನ್: ಒಬ್ಬರದೇ ಎರಡು ಹೆಸರು

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಮುಸ್ಲಿಮರಲ್ಲಿ ಮಹಬೂಬ್ ಎಂಬುದು ಹಳೆಯ ಹೆಸರು. ಊರವರ ಬಾಯಲ್ಲಿ ಅದು ಮಾಬು, ಮಾಬುಸಾಬ್. ಹೆಣ್ಣುಮಗುವಾದರೆ ಮಹಬೂಬ್ ಬೀ. ಈ ಮೂರೂ ಊರುಗಳು ಮೊನ್ನೆ ಮೊನ್ನೆಯವರೆಗೆ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದವು. ಗದ್ವಾಲ್ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಬೇರೆ ಜಿಲ್ಲೆಗಳಾದವು. ಹಾಗಾಗಿ ಈ ಹೆಸರು ನಿಜಾಮರ ನೆನಪಿಗೆ ಇಟ್ಟದ್ದು ಎಂದು ಹಲವರು ತಿಳಿಯುತ್ತಾರೆ.

ಅದರಲ್ಲಿ ಸ್ವಲ್ಪ ಸತ್ಯವಿದೆ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1866ರಲ್ಲಿ ಹುಟ್ಟಿ, ಮೂರು ವರ್ಷ ತುಂಬುವ ಮೊದಲೇ ಪಟ್ಟಕ್ಕೆ ಬಂದು, 1911ರವರೆಗೆ ಆಳಿದವರು. ಪಾಲಮೂರಿಗೆ 1890ರಲ್ಲಿ ಮಹಬೂಬ್‌ನಗರ ಎಂಬ ಹೆಸರು ಬಂದದ್ದು ಅವರಿಂದಲೇ. ಹಾವು ಕಚ್ಚಿದಾಗ ಅವರ ಹೆಸರು ಹೇಳಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆಯೂ ಜನರಲ್ಲಿತ್ತು.

ಆದರೆ ಹೆಸರು ನಿಜಾಮರಿಗಿಂತ ಬಹಳ ಹಳೆಯದು. ಅರಬಿಯಲ್ಲಿ ಹುಬ್ಬ್ ಎಂದರೆ ಪ್ರೀತಿ. ಹಬೀಬ್, ಹಬೀಬಾ, ಮುಹಬ್ಬತ್ ಎಲ್ಲವೂ ಆ ಒಂದೇ ಬೇರಿನವು. ಮಹಬೂಬ್ ಎಂದರೆ ಪ್ರೀತಿಗೆ ಪಾತ್ರನಾದವನು. ಯಾರ ಪ್ರೀತಿಗೆ? ಈ ಸೀಮೆಯಲ್ಲಿ ಕೆಲವರು ಮಹಬೂಬ್ ಸುಬ್‌ಹಾನಿ ಎಂದೇ ಪೂರ್ತಿ ಹೆಸರಿಡುತ್ತಾರೆ. ಉತ್ತರ ಅದರಲ್ಲಿದೆ. ಸುಬ್‌ಹಾನ್ ಎಂದರೆ ಪರಿಶುದ್ಧನಾದ ಅಲ್ಲಾಹು. ಅವನ ಪ್ರೀತಿಪಾತ್ರ ಎಂಬ ಅರ್ಥದ ಈ ಬಿರುದು 1166ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಶೈಖ್ ಅಬ್ದುಲ್ ಖಾದಿರ್ ಜೀಲಾನಿ(ರ)ಯವರದು. ಗೌಸ್, ದಸ್ತಗೀರ್ ಎಂಬ ಹೆಸರುಗಳೂ ಅವರ ಬಿರುದುಗಳಿಂದ ಬಂದವು. ದಸ್ತಗೀರ್ ಫಾರ್ಸಿ ಮಾತು, ಕೈಹಿಡಿದು ನಡೆಸುವವನು ಎಂದರ್ಥ.

ಇಲ್ಲಿ ನಾವು ಬ್ಯಾರಿಗಳು ಕಿವಿಗೊಡಬೇಕು. ಜೀಲಾನಿಯವರ ಇನ್ನೊಂದು ಬಿರುದು ಮುಹ್ಯಿದ್ದೀನ್, ಧರ್ಮಕ್ಕೆ ಮತ್ತೆ ಜೀವ ಕೊಟ್ಟವನು. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ-ಮಲಯಾಳದಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆ ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠ. ಆ ಮುಹ್ಯಿದ್ದೀನ್ ನಮ್ಮ ನಾಲಿಗೆಯಲ್ಲಿ ಮೊಯ್ದಿನ್ ಆಯಿತು, ಮೊಯ್ದು ಆಯಿತು. ನನ್ನ ತಂದೆಯ ಅಂಗಡಿಯ ಸಾಲದ ಪುಸ್ತಕದಲ್ಲಿ ಎಷ್ಟು ಮೊಯ್ದಿನ್‌ಗಳಿದ್ದರೆಂದರೆ, ಪ್ರತಿಯೊಬ್ಬರ ಮುಂದೆ ಮನೆಯ ಹೆಸರು ಬರೆಯದೆ ಲೆಕ್ಕ ಹೊಂದುತ್ತಿರಲಿಲ್ಲ. ಕರಾವಳಿಯ ಮೊಯ್ದಿನ್, ಕೃಷ್ಣಾ ತೀರದ ಮಾಬು, ಇಬ್ಬರೂ ಒಬ್ಬರೇ ಶೈಖರ ಹೆಸರು ಹೊತ್ತವರು. ಭಾಷೆ ಬೇರೆ, ಊಟ ಬೇರೆ, ಹೆಸರಿನ ಮೂಲ ಮಾತ್ರ ಒಂದೇ.

ಗದ್ವಾಲ್ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ, ಗದ್ವಾಲ್ ಆಂಧ್ರಕ್ಕೆ ಹೋದವು. ಗಡಿಯ ಆಚೆ ತೆಲುಗು, ಈಚೆ ಕನ್ನಡ, ಮನೆಯೊಳಗೆ ಉರ್ದು. ಮೂರು ಲಿಪಿಗಳ ನಡುವೆ ಒಂದೇ ಹೆಸರು ಮಹಬೂಬ್, ಮೆಹಬೂಬ್, ಮಾಬು ಎಂದು ಬೇರೆ ಬೇರೆಯಾಗುವುದು ಸುಲಭ. ಮೊದಲು ಅದು ನಗುವ ವಿಷಯವಾಗಿತ್ತು, ಈಗ ಅಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಆಧಾರ.

ಈಗಿನ ತಂದೆತಾಯಿ ಮೊಬೈಲಿನಲ್ಲಿ ಹೊಸ ಹೆಸರು ಹುಡುಕುತ್ತಾರೆ. ಮಾಬು, ಮೊಯ್ದು ಹಳ್ಳಿಯವರ ಹೆಸರೆಂದು ನಾಚುತ್ತಾರೆ. ಮಗುವಿಗೆ ಅಜ್ಜನ ಹೆಸರಿಡಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಮೊದಲು ಅದರ ಅರ್ಥ ತಿಳಿದುಕೊಳ್ಳಲಿ. ಇಡುವುದಾದರೆ ಮಹಬೂಬ್ ಎಂದೋ ಮುಹ್ಯಿದ್ದೀನ್ ಎಂದೋ ಪೂರ್ತಿ ಬರೆಸಿ, ಎಲ್ಲ ಕಾಗದಗಳಲ್ಲೂ ಒಂದೇ ಅಕ್ಷರ ಇರಲಿ. ಮನೆಯಲ್ಲಿ ಮಾಬು ಎಂದು ಕರೆಯಲು ಯಾರ ಅಡ್ಡಿಯೂ ಇಲ್ಲ.